ಉಸಿರು ಬಿಗಿಹಿಡಿಯದಿರಿ: ಕಡಲಾಳದ ನಿಯಮಗಳ ಹಿಂದಿನ ಚರಿತ್ರೆ



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಚಿನ ವರ್ಷಗಳಲ್ಲಿ ಮಕ್ಕಳು ಮರಿಗಳೊಡನೆ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯೇರಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಮುಳುಗು ಹಾಕಿ ಬಂದ ಚಿತ್ರಗಳನ್ನು ಕಳುಹಿಸುತ್ತಿರುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಲ್ಲಿ ನಳಿಕೆ, ಸುತ್ತಲೂ ಬಣ್ಣದ ಮೀನುಗಳು. ನೋಡಲು ಸಂತೋಷವಾಗುತ್ತದೆ. ಆದರೆ ಬಹುತೇಕ ಎಲ್ಲರದೂ ಒಂದೇ ದೂರು: "ಸರ್, ನೀರಿಗಿಳಿಯುವುದಕ್ಕೆ ಮೊದಲು ನಿಯಮಗಳ ಪಾಠವೇ ಪಾಠ. ಉಸಿರು ಹಿಡಿಯಬೇಡಿ, ಬೇಗ ಮೇಲೇರಬೇಡಿ, ಒಬ್ಬರೇ ಹೋಗಬೇಡಿ, ಇಷ್ಟೇ ಆಳ, ಇಷ್ಟೇ ಹೊತ್ತು. ಶಾಲೆಯೇ ಮತ್ತೆ ನೆನಪಾಯಿತು."

ಶಾಲೆ ನೆನಪಾದದ್ದು ಒಳ್ಳೆಯದೇ ಆಯಿತು. ಚರಿತ್ರೆ ಹೇಳಿಕೊಟ್ಟವನಿಗೆ ಯಾವುದೇ ನಿಯಮವನ್ನು ಕಂಡರೂ ಅದು ಹುಟ್ಟಿದ್ದು ಯಾವಾಗ, ಯಾರಿಂದ, ಏಕೆ ಎಂದು ಕೇಳುವ ಚಟವಿರುತ್ತದೆ. ಮುಳುಗುಗಾರರ ನಿಯಮಗಳನ್ನು ಹಾಗೆ ಕೆದಕುತ್ತ ಹೋದರೆ ನಮ್ಮ ಊರ ಬಾಗಿಲುಗಳಲ್ಲಿ ನಿಂತಿರುವ ವೀರಗಲ್ಲುಗಳು ಜ್ಞಾಪಕಕ್ಕೆ ಬರುತ್ತವೆ. ಒಂದೊಂದು ನಿಯಮದ ಹಿಂದೆಯೂ ಯಾರೋ ಒಬ್ಬರು ಬಿದ್ದ ಕಥೆಯಿದೆ. ವ್ಯತ್ಯಾಸವಿಷ್ಟೆ: ಇಲ್ಲಿ ಬಿದ್ದವರಲ್ಲಿ ಹೆಚ್ಚಿನವರು ಯೋಧರಲ್ಲ, ಕೂಲಿಗಾರರು. ಆ ಕಥೆಗಳನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸುತ್ತೇನೆ.

ಮೊದಲು ಉಸಿರಿನ ಮಾತು. ಮನುಷ್ಯ ಸಹಸ್ರಾರು ವರ್ಷಗಳಿಂದ ಕಡಲಿಗೆ ಧುಮುಕುತ್ತಲೇ ಬಂದಿದ್ದಾನೆ. ನಮ್ಮ ತೂತ್ತುಕುಡಿಯ ಕಡೆಯ ಮುತ್ತಿನ ಮುಳುಗುಗಾರರು ಹಗ್ಗಕ್ಕೆ ಕಟ್ಟಿದ ಕಲ್ಲಿನ ಭಾರದಿಂದ ತಳ ಸೇರಿ, ಬಾಚಿದಷ್ಟು ಚಿಪ್ಪುಗಳನ್ನು ಬಲೆಚೀಲಕ್ಕೆ ತುಂಬಿ, ಹಗ್ಗ ಜಗ್ಗಿ ಸನ್ನೆ ಮಾಡುತ್ತಿದ್ದರು. ದೋಣಿಯಲ್ಲಿದ್ದ ಜೊತೆಗಾರ ಮೇಲೆಳೆದುಕೊಳ್ಳುತ್ತಿದ್ದ. ಇವರಿಗೆಲ್ಲ ಉಸಿರು ಬಿಗಿಹಿಡಿಯುವುದೇ ವಿದ್ಯೆ. "ಉಸಿರು ಬಿಗಿಹಿಡಿದು ಕೆಲಸ ಮಾಡು" ಎಂದು ನಾವು ಆಡುಮಾತಿನಲ್ಲಿ ಹೇಳುವುದೂ ಉಂಟು. ಹಾಗಿರುವಾಗ ಸ್ಕೂಬಾ ಕಲಿಸುವವರು ಮೊದಲ ಪಾಠದಲ್ಲಿಯೇ "ಉಸಿರು ಹಿಡಿಯಬೇಡಿ" ಎನ್ನುವುದೇಕೆ?

ಉತ್ತರ 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮದಲ್ಲಿದೆ. ಒತ್ತಡ ಇಮ್ಮಡಿಯಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆ, ಒತ್ತಡ ಅರ್ಧವಾದರೆ ಗಾತ್ರ ಇಮ್ಮಡಿಯಾಗುತ್ತದೆ ಎಂದು ನೀವೆಲ್ಲ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೀರಿ. ಸಮುದ್ರದಲ್ಲಿ ಪ್ರತಿ 10 ಮೀಟರು ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮುತ್ತಿನ ಮುಳುಗುಗಾರ ಮೇಲಿನಿಂದ ಒಯ್ದ ಆರು ಲೀಟರು ಗಾಳಿ 10 ಮೀಟರು ಆಳದಲ್ಲಿ ಮೂರು ಲೀಟರಾಗಿ ಕುಗ್ಗಿ, ಅವನು ಮೇಲೆ ಬಂದಾಗ ಮತ್ತೆ ಆರಾಗುತ್ತದೆ. ಸ್ಕೂಬಾದವನಾದರೋ ಅದೇ ಆಳದಲ್ಲಿ ಸಿಲಿಂಡರಿನಿಂದ ಆರು ಲೀಟರು ತುಂಬಿಕೊಳ್ಳುತ್ತಾನೆ. ಗಾಬರಿಯಲ್ಲಿ ಬಾಯಿಮುಚ್ಚಿ ಮೇಲಕ್ಕೆ ಚಿಮ್ಮಿದನೆಂದರೆ ಆ ಆರು ಲೀಟರು ಹನ್ನೆರಡಾಗಲು ಹವಣಿಸುತ್ತದೆ. ಶ್ವಾಸಕೋಶದಲ್ಲಿ ಅಷ್ಟು ಸ್ಥಳವೆಲ್ಲಿದೆ? ಅದರ ಸೂಕ್ಷ್ಮ ಪೊರೆಗಳು ಹರಿದು, ಗಾಳಿಯ ಗುಳ್ಳೆಗಳು ರಕ್ತಕ್ಕೆ ನುಗ್ಗಿ, ಮಿದುಳಿನವರೆಗೂ ಹೋಗಬಲ್ಲವು. 1930ರ ಸುಮಾರಿಗೆ ಅಮೆರಿಕದ ನೌಕಾದಳವು ಮುಳುಗಿದ ಜಲಾಂತರ್ಗಾಮಿಯಿಂದ ಪಾರಾಗುವ ಬಗೆಯನ್ನು ತನ್ನ ನಾವಿಕರಿಗೆ ಕಲಿಸುತ್ತಿದ್ದಾಗ ಇಂಥ ಸಾವುಗಳಾದವು. 1932ರಲ್ಲಿ ಅಲ್ಲಿನ ವೈದ್ಯರು ಈ ಅಪಘಾತದ ಸ್ವರೂಪವನ್ನು ವಿವರಿಸಿ ಬರೆದರು. ಇದಕ್ಕೆ ಬಹಳ ಆಳವೇನೂ ಬೇಡ. ಎದೆತುಂಬ ಗಾಳಿ ಹಿಡಿದು ನಾಲ್ಕೈದು ಅಡಿಯಿಂದ ಎದ್ದರೂ ಆಪತ್ತು ಬರಬಹುದು. ಈಜುಕೊಳದಲ್ಲಿ ಕಲಿಯುವವರಿಗೂ ಮೊದಲ ದಿನವೇ ಈ ನಿಯಮವನ್ನು ಹೇಳುವುದು ಅದಕ್ಕಾಗಿಯೇ.

ಎರಡನೆಯ ನಿಯಮ, ನಿಧಾನವಾಗಿ ಮೇಲೇರಬೇಕೆಂಬುದು. ಇದರ ಕಥೆ ಕಡಲಿನಲ್ಲಿ ಮಾತ್ರ ನಡೆದದ್ದಲ್ಲ. ಬಹುಪಾಲು ನಡೆದದ್ದು ನದಿಗಳ ಕೆಳಗಿನ ಕೆಸರಿನಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಸೇತುವೆಗಳ ಕಂಬಗಳಿಗೆ ತಳಪಾಯ ತೋಡಲು ಕೈಸನ್ ಎಂಬ ಸಾಧನ ಬಂತು. ಬೋರಲು ಹಾಕಿದ ಬೃಹತ್ ಪೆಟ್ಟಿಗೆಯೊಂದನ್ನು ನದಿಯ ತಳಕ್ಕಿಳಿಸಿ, ನೀರು ಒಳನುಗ್ಗದಂತೆ ಒತ್ತಡದ ಗಾಳಿ ತುಂಬಿ, ಅದರೊಳಗೆ ಕೂಲಿಗಾರರು ಮಣ್ಣು ಅಗೆಯುತ್ತಿದ್ದರು. ಫ್ರಾನ್ಸಿನ ಟ್ರೀಜೆ ಎಂಬ ಗಣಿ ಎಂಜಿನಿಯರು ಈ ವಿಧಾನವನ್ನು ಲ್ವಾರ್ ನದಿಯ ಬಳಿ ಬಳಸಿ, 1841ರಲ್ಲಿ ವರದಿ ಬರೆದಾಗ ಒಂದು ವಿಚಿತ್ರವನ್ನು ಗುರುತಿಸಿದ್ದ: ಹೊರಬಂದ ಮೇಲೆ ಕೆಲವರಿಗೆ ಕೈ, ಮಂಡಿಗಳಲ್ಲಿ ತೀವ್ರವಾದ ನೋವು. 1854ರಲ್ಲಿ ಪೋಲ್ ಮತ್ತು ವಾತೆಲ್ ಎಂಬ ಇಬ್ಬರು ಫ್ರೆಂಚ್ ವೈದ್ಯರು ಇನ್ನೂ ಸ್ಪಷ್ಟವಾಗಿ ಕಂಡುಕೊಂಡರು. ಅಪಾಯವಿರುವುದು ಒತ್ತಡದೊಳಕ್ಕೆ ಹೋಗುವುದರಲ್ಲಲ್ಲ, ಅದರಿಂದ ಹೊರಬರುವುದರಲ್ಲಿ. ನೊಂದವನನ್ನು ಮತ್ತೆ ಒತ್ತಡದ ಗಾಳಿಗೆ ಕಳುಹಿಸಿದರೆ ನೋವು ಇಳಿಯುತ್ತದೆ.

ದುರ್ದೈವವೆಂದರೆ ಇಂಥ ಅರಿವು ಒಂದು ದೇಶದ ಪುಸ್ತಕದಲ್ಲಿ ಉಳಿದು, ಇನ್ನೊಂದು ದೇಶದ ಕೂಲಿಗಾರನ ಉಪಯೋಗಕ್ಕೆ ಬರಲಿಲ್ಲ. 1870ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಮಿಸಿಸಿಪ್ಪಿ ನದಿಗೆ ಈಡ್ಸ್ ಸೇತುವೆ ಕಟ್ಟುವಾಗ ಹತ್ತಕ್ಕೂ ಹೆಚ್ಚು ಮಂದಿ ಈ ಕಾಯಿಲೆಯಿಂದ ಸತ್ತರು. ಅಲ್ಲಿನ ವೈದ್ಯ ಡಾ. ಜಾಮಿನೆ ಸ್ವತಃ ಪರೀಕ್ಷಿಸಿ ನೋಡಲು ಸುಮಾರು 95 ಅಡಿ ಆಳದ ಕೈಸನ್ನಿನಲ್ಲಿ ಎರಡೂಮುಕ್ಕಾಲು ಗಂಟೆ ಕಳೆದು, ಮೂರೂವರೆ ನಿಮಿಷಗಳಲ್ಲಿ ಹೊರಬಂದು, ಕೈಕಾಲು ಸ್ವಾಧೀನ ತಪ್ಪಿ ಮಲಗಿಬಿಟ್ಟರು. ಪುಣ್ಯವಶಾತ್ ಚೇತರಿಸಿಕೊಂಡರು.

ಅದೇ ಕಾಲದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಕೆಲಸವೂ ನಡೆಯುತ್ತಿತ್ತು. ಅಲ್ಲಿಯ ವೈದ್ಯ ಆಂಡ್ರ್ಯೂ ಸ್ಮಿತ್ 110 ರೋಗಿಗಳನ್ನು ದಾಖಲಿಸಿ, ರೋಗಕ್ಕೆ ಕೈಸನ್ ಕಾಯಿಲೆ ಎಂಬ ಹೆಸರನ್ನು ಬಳಕೆಗೆ ತಂದರು. ನೋವಿನಿಂದ ಬಾಗಿ ನಡೆಯುತ್ತಿದ್ದ ತಮ್ಮವರನ್ನು ಕಂಡು ಕೂಲಿಗಾರರು ಇಟ್ಟ ಹೆಸರು 'ಬೆಂಡ್ಸ್'. ಬಾಗುವಿಕೆ ಎಂದೇ ಅದರ ಅರ್ಥ. ಮುಖ್ಯ ಎಂಜಿನಿಯರು ವಾಷಿಂಗ್ಟನ್ ರೋಬ್ಲಿಂಗ್ ಕೂಲಿಗಾರರೊಡನೆ ತಾನೂ ಕೈಸನ್ನಿಗೆ ಇಳಿಯುತ್ತಿದ್ದವನು. 1872ರಲ್ಲಿ ಇದೇ ರೋಗಕ್ಕೆ ತುತ್ತಾಗಿ ಹಾಸಿಗೆ ಹಿಡಿದ. ಅಲ್ಲಿಂದ ಮುಂದಕ್ಕೆ ಸುಮಾರು ಹನ್ನೊಂದು ವರ್ಷ ಅವನ ಪತ್ನಿ ಎಮಿಲಿ ಗಂಡನ ಸೂಚನೆಗಳನ್ನು ಕೆಲಸದ ಸ್ಥಳಕ್ಕೆ ಒಯ್ಯುತ್ತ, ತಾನೂ ಗಣಿತ ಮತ್ತು ಕಟ್ಟಡಶಾಸ್ತ್ರ ಕಲಿಯುತ್ತ, ಸೇತುವೆ ಮುಗಿಯುವಂತೆ ನೋಡಿಕೊಂಡಳು. 1883ರಲ್ಲಿ ಸೇತುವೆ ತೆರೆಯಿತು. ರೋಬ್ಲಿಂಗ್ ತನ್ನ ಸೇತುವೆ ಏಳುವುದನ್ನು ಬಹುಮಟ್ಟಿಗೆ ಮನೆಯ ಕಿಟಕಿಯಿಂದ ದುರ್ಬೀನಿನಲ್ಲಿ ನೋಡಿದವನು.

ಕಡಲಿನಲ್ಲಿಯೂ ಇದೇ ಗತಿ. ಆಗಸ್ಟಸ್ ಸೀಬ್ 1837ರ ಸುಮಾರಿಗೆ ರೂಪಿಸಿದ, ತಾಮ್ರದ ಶಿರಸ್ತ್ರಾಣವಿರುವ ಉಡುಪು 1860ರ ದಶಕದಲ್ಲಿ ಗ್ರೀಸಿನ ದ್ವೀಪಗಳಿಗೆ ಬಂದಾಗ ಅಲ್ಲಿನ ಸ್ಪಂಜು ಮುಳುಗುಗಾರರಿಗೆ ಸಂಪತ್ತಿನ ಬಾಗಿಲೇ ತೆರೆದಂತಾಯಿತು. ಹೆಚ್ಚು ಆಳ, ಹೆಚ್ಚು ಹೊತ್ತು, ಹೆಚ್ಚು ಸ್ಪಂಜು. ಆದರೆ ತಾರುಣ್ಯದಲ್ಲಿಯೇ ಕಾಲು ಸ್ವಾಧೀನವಿಲ್ಲದೆ ಮನೆಗೆ ಮರಳಿದವರು, ಮರಳದೆಯೇ ಹೋದವರು ಅಪಾರ. ಕಾಲಿಮ್ನೋಸ್ ದ್ವೀಪದಲ್ಲಿ ಈಗಲೂ 'ಮಿಖಾನಿಕೋಸ್' ಎಂಬ ಜನಪದ ನೃತ್ಯವಿದೆ. ಸಾಲಿನ ಮುಂದಿನ ನರ್ತಕ ಕೋಲೂರಿ, ನಡುಗುವ ಕಾಲುಗಳಿಂದ ಹೆಜ್ಜೆಯಿಡಲು ಹೆಣಗುವ ಮುಳುಗುಗಾರನನ್ನು ಅಭಿನಯಿಸುತ್ತಾನೆ. ಒಂದು ಊರು ತನ್ನ ದುಃಖವನ್ನು ಕುಣಿತದಲ್ಲಿ ಉಳಿಸಿಕೊಂಡ ಬಗೆ ಇದು.

ರೋಗದ ಮೂಲ ಕೊನೆಗೂ ಬಯಲಾದದ್ದು 1878ರಲ್ಲಿ, ಫ್ರಾನ್ಸಿನ ವಿಜ್ಞಾನಿ ಪಾಲ್ ಬೆರ್ ಪ್ರಕಟಿಸಿದ ಬೃಹದ್ಗ್ರಂಥದಿಂದ. ಇದನ್ನು ತಿಳಿಯಲು ನಮ್ಮ ಗೋಲಿ ಸೋಡಾವೇ ಸಾಕು. ಸೀಸೆ ಮುಚ್ಚಿರುವಾಗ ಒತ್ತಡದಿಂದ ಅನಿಲ ನೀರಿನಲ್ಲಿ ಕರಗಿ ಕಾಣದಂತಿರುತ್ತದೆ. ಗೋಲಿಯನ್ನು ಒತ್ತಿದೊಡನೆ ಬುರಬುರನೆ ಗುಳ್ಳೆಗಳೇಳುತ್ತವೆ. ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ. ಆಳದಲ್ಲಿ ಅದು ರಕ್ತಕ್ಕೂ ಕೊಬ್ಬು, ಕೀಲು, ನರಗಳಿಗೂ ಕರಗಿ ಸೇರುತ್ತದೆ. ಮೆಲ್ಲಗೆ ಮೇಲೆ ಬಂದರೆ ಉಸಿರಿನೊಡನೆ ಮೆಲ್ಲಗೆ ಹೊರಹೋಗುತ್ತದೆ; ಧಾವಿಸಿ ಬಂದರೆ ದೇಹವೇ ತೆರೆದ ಸೋಡಾ ಸೀಸೆಯಾಗುತ್ತದೆ. ಸ್ವಾರಸ್ಯವೆಂದರೆ ಇದರ ಮುನ್ಸೂಚನೆ ಬಾಯ್ಲ್‌ನ ಕಾಲದಲ್ಲಿಯೇ ಇತ್ತು. ನಿರ್ವಾತದ ಪಾತ್ರೆಯಲ್ಲಿಟ್ಟ ವಿಷಸರ್ಪವೊಂದರ ಕಣ್ಣಿನ ದ್ರವದಲ್ಲಿ ಗುಳ್ಳೆಯೊಂದು ಓಡಾಡುವುದನ್ನು ಕಂಡುದಾಗಿ ಅವನು 1670ರಲ್ಲಿ ಬರೆದಿದ್ದ. ಆ ಗುಳ್ಳೆಯಿಂದ ಪಾಲ್ ಬೆರ್ ತನಕ ಇನ್ನೂರು ವರ್ಷ ಬೇಕಾದವು.

ಕಾರಣ ತಿಳಿದ ಮೇಲೆ ಚಿಕಿತ್ಸೆ. 1890ರ ಸುಮಾರಿಗೆ ನ್ಯೂಯಾರ್ಕಿನ ಹಡ್ಸನ್ ನದಿಯ ಕೆಳಗೆ ಸುರಂಗ ಕೊರೆಯುತ್ತಿದ್ದಾಗ ನಲವತ್ತೈದು ಐವತ್ತು ಕೂಲಿಗಾರರಲ್ಲಿ ತಿಂಗಳಿಗೊಬ್ಬನಂತೆ ಸಾಯುತ್ತಿದ್ದರು. ಎಂಜಿನಿಯರು ಅರ್ನೆಸ್ಟ್ ಮೊಯಿರ್ ಕೆಲಸದ ಸ್ಥಳದಲ್ಲಿಯೇ ಒಂದು ಲೋಹದ ಕೋಣೆ ಇರಿಸಿ, ಕಾಯಿಲೆ ಬಿದ್ದವರನ್ನು ಅದರಲ್ಲಿ ಮಲಗಿಸಿ, ಗಾಳಿಯ ಒತ್ತಡ ಏರಿಸಿ, ಆಮೇಲೆ ನಿಧಾನವಾಗಿ ಇಳಿಸಿದ. ಸಾವುಗಳು ಬಹಳಷ್ಟು ತಗ್ಗಿದವು. ಇಂದಿಗೂ ಈ ರೋಗಕ್ಕೆ ಚಿಕಿತ್ಸೆ ಅಂಥದೇ ಒತ್ತಡದ ಕೋಣೆ. ಜೊತೆಗೆ ಶುದ್ಧ ಆಮ್ಲಜನಕ.

ಹಾಗಾದರೆ ಎಷ್ಟು ನಿಧಾನವಾಗಿ ಮೇಲೆ ಬರಬೇಕು? ಈ ಲೆಕ್ಕವನ್ನು ಮೊದಲು ಶಾಸ್ತ್ರೀಯವಾಗಿ ಹಾಕಿಕೊಟ್ಟವನು ಜಾನ್ ಸ್ಕಾಟ್ ಹಾಲ್ಡೇನ್. ಕಲ್ಲಿದ್ದಲು ಗಣಿಗಳ ವಿಷಾನಿಲವನ್ನು ಮುಂಚಿತವಾಗಿ ತಿಳಿಯಲು ಸಣ್ಣ ಹಕ್ಕಿಗಳನ್ನು ಒಯ್ಯಿರೆಂದು ಸಲಹೆಯಿತ್ತವನೂ ಇವನೇ. ಬ್ರಿಟಿಷ್ ನೌಕಾದಳದ ಕೋರಿಕೆಯ ಮೇರೆಗೆ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಒತ್ತಡದ ಕೋಣೆಯಲ್ಲಿ ಹಾಲ್ಡೇನ್ ಮತ್ತು ಸಂಗಡಿಗರು ಆಡುಗಳ ಮೇಲೆ ಪ್ರಯೋಗ ನಡೆಸಿದರು. ನೋವಾದ ಆಡು ಮುಂಗಾಲನ್ನು ಎತ್ತಿ ಹಿಡಿಯುತ್ತಿತ್ತು. ಅದೇ ಅವರಿಗೆ ಸಂಜ್ಞೆ. ಒತ್ತಡ ಒಮ್ಮೆಗೇ ಅರ್ಧಕ್ಕೆ ಇಳಿದರೂ ಆಡುಗಳಿಗೆ ತೊಂದರೆಯಾಗದೆಂದು ಕಂಡು, ಹಂತಹಂತವಾಗಿ ನಿಂತು ನಿಂತು ಮೇಲೇರುವ ಪಟ್ಟಿಗಳನ್ನು ಅವರು ಸಿದ್ಧಪಡಿಸಿದರು. 1906ರಲ್ಲಿ ಸ್ಕಾಟ್ಲೆಂಡಿನ ಕಡಲಿನಲ್ಲಿ ಡೇಮಂಟ್ ಮತ್ತು ಕ್ಯಾಟೊ ಎಂಬ ನೌಕಾದಳದವರು 210 ಅಡಿ ಆಳಕ್ಕೆ ಹೋಗಿ ಸುರಕ್ಷಿತವಾಗಿ ಹಿಂದಿರುಗಿದರು. 1908ರಲ್ಲಿ ಪ್ರಬಂಧ ಪ್ರಕಟವಾಯಿತು. ಮುಳುಗುಗಾರರು ಇಂದು ಮುಂಗೈಗೆ ಕಟ್ಟಿಕೊಳ್ಳುವ ಕಂಪ್ಯೂಟರುಗಳ ಲೆಕ್ಕದ ಮೂಲ ಇಲ್ಲಿದೆ.

ಆ ಸ್ಕಾಟ್ಲೆಂಡಿನ ಪ್ರಯೋಗಗಳ ವೇಳೆ ಹದಿಮೂರರ ಬಾಲಕನೊಬ್ಬನೂ ತನ್ನ ಅಳತೆಗೆ ಮೀರಿದ ಉಡುಪು ತೊಟ್ಟು ನೀರಿಗಿಳಿದಿದ್ದ. ಮುಂಗೈಯ ಬಳಿ ನೀರು ಸೋರಿ ಎದೆಯ ಮಟ್ಟಕ್ಕೆ ಬಂದರೂ ಧೃತಿಗೆಡಲಿಲ್ಲವಂತೆ. ಅವನು ಹಾಲ್ಡೇನನ ಮಗ ಜೆ.ಬಿ.ಎಸ್. ಹಾಲ್ಡೇನ್. ಮುಂದೆ 1939ರಲ್ಲಿ ಥೀಟಿಸ್ ಎಂಬ ಜಲಾಂತರ್ಗಾಮಿ ಮುಳುಗಿ 99 ಮಂದಿ ಸತ್ತಾಗ, ಅವರಿಗೆ ಪಾರಾಗಲು ಏಕೆ ಸಾಧ್ಯವಾಗಲಿಲ್ಲವೆಂದು ತಿಳಿಯಲು ಇವರು ತಮ್ಮ ದೇಹವನ್ನೇ ಪ್ರಯೋಗಕ್ಕೊಡ್ಡಿದರು. ಬೆನ್ನುಮೂಳೆಗೆ ಪೆಟ್ಟಾಯಿತು, ಕಿವಿಯ ತಮಟೆ ತೂತಾಯಿತು. ಇದೇ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಭಾರತೀಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು. ತಳಿವಿಜ್ಞಾನಿಯೆಂದು ನಾವು ಬಲ್ಲ ಈ ಹಿರಿಯರಿಗೆ ಮುಳುಗುಗಾರರೂ ಋಣಿಗಳು.

ಇನ್ನು ಸ್ಕೂಬಾದ ಸರದಿ. 1943ರಲ್ಲಿ, ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿನಲ್ಲಿ, ನೌಕಾಧಿಕಾರಿ ಝಾಕ್ ಕೂಸ್ತೊ ಮತ್ತು ಎಂಜಿನಿಯರು ಎಮಿಲ್ ಗಾನ್ಯಾನ್ ಸೇರಿ ಅಕ್ವಾಲಂಗ್ ತಯಾರಿಸಿದರು. ಪೆಟ್ರೋಲಿನ ಅಭಾವದ ಕಾಲದಲ್ಲಿ ಮೋಟಾರುಗಳನ್ನು ಅನಿಲದಿಂದ ಓಡಿಸಲು ಗಾನ್ಯಾನ್ ಮಾಡಿದ್ದ ಕವಾಟವೇ ಅದರ ಮೂಲ. ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಗಾಳಿ ಬರುವ ಏರ್ಪಾಡು. ಮೇಲಿನ ಹಡಗಿಗೆ ಕಟ್ಟಿದ ಕೊಳವೆಯಿಂದ ಮನುಷ್ಯ ಬಿಡುಗಡೆ ಹೊಂದಿದ. ಆದರೆ ಬಿಡುಗಡೆಯ ಬೆನ್ನಲ್ಲಿಯೇ ಹೊಸ ಅಪಾಯ. ಕೂಸ್ತೊನ ಸಂಗಡಿಗ ಮೊರಿಸ್ ಫಾರ್ಗ್ ಎಷ್ಟು ಆಳಕ್ಕೆ ಹೋಗಬಹುದೆಂದು ಪರೀಕ್ಷಿಸಲು 1947ರಲ್ಲಿ ಗಾಳಿಯ ಸಿಲಿಂಡರಿನೊಡನೆ ಸುಮಾರು 120 ಮೀಟರು ಇಳಿದ. ಹಗ್ಗಕ್ಕೆ ಕಟ್ಟಿದ್ದ ಹಲಗೆಯ ಮೇಲೆ ತನ್ನ ಸಹಿ ಹಾಕಿದ. ಅಷ್ಟೆ, ಜೀವಂತವಾಗಿ ಹಿಂದಿರುಗಲಿಲ್ಲ. ಹೆಚ್ಚಿನ ಒತ್ತಡದಲ್ಲಿ ಸಾರಜನಕ ಮದ್ಯದಂತೆ ಅಮಲೇರಿಸುತ್ತದೆಂದು ಅಮೆರಿಕದ ಬೆಂಕಿ ಎಂಬ ನೌಕಾದಳದ ವೈದ್ಯ ಮತ್ತು ಸಂಗಡಿಗರು 1935ರಲ್ಲಿಯೇ ಹೇಳಿದ್ದರು. ಅಮಲಿನಲ್ಲಿರುವವನಿಗೆ ತಾನು ಅಮಲಿನಲ್ಲಿದ್ದೇನೆಂದು ತಿಳಿಯದಿರುವುದೇ ಅದರ ಕಷ್ಟ. ಮೊದಲ ಹಂತದ ತರಬೇತಿ ಪಡೆದವರಿಗೆ 18 ಮೀಟರು, ನುರಿತ ಹವ್ಯಾಸಿಗಳಿಗೂ 40 ಮೀಟರು ಎಂಬ ಎಲ್ಲೆಗಳ ಹಿಂದಿನ ಕಾರಣಗಳಲ್ಲಿ ಇದೂ ಒಂದು.

ಎಲ್ಲ ನಿಯಮಗಳೂ ಹುಟ್ಟುವಾಗಲೇ ಸರಿಯಾಗಿರುತ್ತವೆಯೆಂದೇನೂ ಇಲ್ಲ. 1950ರ ದಶಕದಲ್ಲಿ ಅಮೆರಿಕದಲ್ಲಿ ಮೇಲೇರುವ ವೇಗದ ಬಗ್ಗೆ ಚರ್ಚೆಯಾಯಿತು. ಲಘು ಉಪಕರಣ ಧರಿಸಿ ಈಜುವ ನೌಕಾದಳದವರು ನಿಮಿಷಕ್ಕೆ 100 ಅಡಿ ಬೇಕೆಂದರು. ಭಾರವಾದ ಉಡುಪಿನವರು ಅದು ತಮ್ಮಿಂದ ಸಾಧ್ಯವೇ ಇಲ್ಲವೆಂದರು. ಕೊನೆಗೆ 60 ಅಡಿ ಎಂದು ರಾಜಿಯಾಯಿತು. ಸೆಕೆಂಡಿಗೊಂದು ಅಡಿ, ನೆನಪಿಡಲು ಸುಲಭ. ಶಾಸ್ತ್ರಕ್ಕಿಂತ ಅನುಕೂಲವೇ ಮುಂದಾದ ಈ ಅಂಕಿ ಸುಮಾರು ನಾಲ್ಕು ದಶಕ ಬಾಳಿತು. 1970ರ ದಶಕದಲ್ಲಿ ಶಬ್ದದ ಅಲೆಗಳಿಂದ ರಕ್ತದೊಳಗಿನ ಗುಳ್ಳೆಗಳನ್ನು ಆಲಿಸುವ ಉಪಕರಣ ಬಂದಾಗ, ಯಾವ ನೋವೂ ಇಲ್ಲದವರಲ್ಲಿಯೂ ಗುಳ್ಳೆಗಳಿರುವುದೂ, ಮೇಲೇರುವ ಮುನ್ನ ಕಡಿಮೆ ಆಳದಲ್ಲಿ ಕೊಂಚ ತಂಗಿದರೆ ಅವು ತೀರ ಕಡಿಮೆಯಾಗುವುದೂ ತಿಳಿದುಬಂತು. 1993ರಲ್ಲಿ ಅಮೆರಿಕದ ನೌಕಾದಳ ವೇಗವನ್ನು ನಿಮಿಷಕ್ಕೆ 30 ಅಡಿಗೆ ಇಳಿಸಿತು. ಇಂದು ನಿಮಗೆ ಐದು ಮೀಟರು ಆಳದಲ್ಲಿ ಮೂರು ನಿಮಿಷ ಸುಮ್ಮನೆ ನಿಲ್ಲಿರೆಂದು ಹೇಳುವುದು ಈ ತಿಳಿವಳಿಕೆಯ ಫಲ.

ಜೊತೆಗಾರನಿಲ್ಲದೆ ಹೋಗಬಾರದೆಂಬ ನಿಯಮ ಇನ್ನೂ ಹಳೆಯದು. 1782ರಲ್ಲಿ ಮುಳುಗಿದ್ದ ರಾಯಲ್ ಜಾರ್ಜ್ ಎಂಬ ಯುದ್ಧನೌಕೆಯ ಅವಶೇಷವನ್ನು 1839ರಿಂದ ತೆಗೆಸಿದ ಕರ್ನಲ್ ಪ್ಯಾಸ್ಲಿ ತನ್ನ ಮುಳುಗುಗಾರರನ್ನು ಜೋಡಿಯಾಗಿ ಇಳಿಸುತ್ತಿದ್ದನೆಂದು ದಾಖಲೆಯಿದೆ. ತೂತ್ತುಕುಡಿಯ ದೋಣಿಯಲ್ಲಿ ಹಗ್ಗ ಹಿಡಿದು ನಿಂತ ಜೊತೆಗಾರನೂ ಇದೇ ನಿಯಮದವನಲ್ಲವೇ? ನೈಪುಣ್ಯವೊಂದೇ ಕಾಯಲಾರದೆಂಬುದಕ್ಕೂ ನಿದರ್ಶನವಿದೆ. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರ ಸಂಸ್ಥೆಯಲ್ಲಿ ವಿಜ್ಞಾನಿಗಳಿಗೆ ಕ್ರಮಬದ್ಧ ಮುಳುಗು ಶಿಕ್ಷಣ ಕೊಟ್ಟವನು ಕಾನ್ರಾಡ್ ಲಿಂಬಾ. ಆ ಗುರುವೇ 1960ರಲ್ಲಿ ಫ್ರಾನ್ಸಿನ ಕಾಸಿ ಎಂಬಲ್ಲಿ ನೀರೊಳಗಿನ ಗುಹೆಯಲ್ಲಿ ದಾರಿ ತಪ್ಪಿ ಅಸುನೀಗಿದ. ತಲೆಯ ಮೇಲೆ ಬಯಲು ನೀರಿಲ್ಲದ ಕಡೆ ವಿಶೇಷ ತರಬೇತಿಯಿಲ್ಲದೆ ಹೋಗಬಾರದೆಂದು ಇಂದು ಕಲಿಸುವಾಗ ಇಂಥ ಸಾವುಗಳು ಸಾಕ್ಷಿ ನುಡಿಯುತ್ತವೆ.

ಸಾಮಾನ್ಯ ಜನರಿಗೆ ಕಲಿಸುವ ಏರ್ಪಾಡುಗಳು ಬಂದದ್ದು 1950 ಮತ್ತು 1960ರ ದಶಕಗಳಲ್ಲಿ. 1953ರಲ್ಲಿ ಬ್ರಿಟಿಷ್ ಸಬ್ ಆಕ್ವಾ ಕ್ಲಬ್, ಅನಂತರ ಲಾಸ್ ಏಂಜಲೀಸ್ ಕೌಂಟಿಯ ತರಗತಿಗಳು, 1960ರಲ್ಲಿ ನಾಯಿ, 1966ರಲ್ಲಿ ಪ್ಯಾಡಿ ಎಂಬ ಸಂಸ್ಥೆಗಳು. ಕೂಲಿಗಾರರು, ಆಡುಗಳು, ವಿಜ್ಞಾನಿಗಳು ನೂರು ವರ್ಷಗಳಲ್ಲಿ ಪಟ್ಟ ಪಾಡನ್ನು ಕೆಲವೇ ದಿನಗಳ ಪಾಠವಾಗಿ ಇವು ಅಡಕಗೊಳಿಸಿದವು.

ಈಗ ಹೊಸದಾಗಿ ಕಲಿಯಹೊರಟವರಿಗೆ ಮೇಷ್ಟರ ನಾಲ್ಕು ಮಾತು. ಆರೋಗ್ಯದ ಪ್ರಶ್ನಾವಳಿ ಕೊಟ್ಟಾಗ ದಮ್ಮು, ಹೃದಯದ ತೊಂದರೆ, ಮೂರ್ಛೆ, ಕಿವಿಯ ಕಾಯಿಲೆಗಳನ್ನು ಮುಚ್ಚಿಡದೆ ಬರೆಯಿರಿ. ಅಗತ್ಯವಿದ್ದರೆ ವೈದ್ಯರ ಒಪ್ಪಿಗೆ ಪಡೆಯಿರಿ. ನೆಗಡಿಯಿದ್ದರೆ ಆ ದಿನ ದೋಣಿಯಲ್ಲಿಯೇ ಕುಳಿತಿರಿ. ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯನ್ನು ಸರಿಪಡಿಸಿಕೊಳ್ಳುವ ಕ್ರಮಕ್ಕೆ, ಅದನ್ನು 1704ರಲ್ಲಿ ವಿವರಿಸಿದ ಇಟಲಿಯ ವೈದ್ಯ ವಾಲ್ಸಾಲ್ವಾ ಹೆಸರೇ ಇದೆ. ನೋವು ಬರುವ ಮುಂಚೆಯೇ ಮಾಡಿ, ನೋವಾದರೆ ಇಳಿಯುವುದನ್ನು ನಿಲ್ಲಿಸಿ. ಒಂದು ದಿನದ ಪರಿಚಯ ಮುಳುಗಿನಲ್ಲಿ ಶಿಕ್ಷಕರ ಕೈಯಳತೆ ಬಿಟ್ಟು ಸರಿಯಬೇಡಿ. ಅದು ತರಬೇತಿಯಾಯಿತೆಂದೂ ಭಾವಿಸಬೇಡಿ. ಸ್ವತಂತ್ರವಾಗಿ ಮುಳುಗಬೇಕೆಂಬ ಆಸೆಯಿದ್ದರೆ ಈಜುಕೊಳದಿಂದ ಆರಂಭವಾಗುವ ಪೂರ್ಣ ಶಿಕ್ಷಣ ಪಡೆಯಿರಿ. ದೋಣಿಯಲ್ಲಿ ಆಮ್ಲಜನಕವಿದೆಯೇ, ಹತ್ತಿರದ ಒತ್ತಡದ ಕೋಣೆ ಎಲ್ಲಿದೆ ಎಂದು ಕೇಳಲು ಸಂಕೋಚ ಬೇಡ.

ನಮ್ಮ ಕಡೆಯವರಿಗೆ ಇನ್ನೊಂದು ವಿಶೇಷ ಸೂಚನೆ. ಮುಳುಗಿದ ಮೇಲೆ ವಿಮಾನವೇರಲು ಒಂದೇ ಮುಳುಗಾದರೆ 12 ಗಂಟೆ, ಹಲವು ಮುಳುಗುಗಳಾದರೆ 18 ಗಂಟೆಯಾದರೂ ಕಾಯಬೇಕೆಂಬ ಸಲಹೆಯಿದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದಾದ್ದರಿಂದ, ದೇಹದಲ್ಲಿ ಉಳಿದ ಸಾರಜನಕ ಗುಳ್ಳೆಯಾಗಬಹುದು. ಘಟ್ಟ ಹತ್ತುವುದೂ ಮೇಲೇರುವುದೇ ತಾನೆ? ಮುರ್ಡೇಶ್ವರ ಕಡಲ ಮಟ್ಟದಲ್ಲಿದೆ, ಬೆಂಗಳೂರು ಸುಮಾರು 900 ಮೀಟರು ಎತ್ತರದಲ್ಲಿ. ಮಧ್ಯಾಹ್ನ ನೀರಿನಿಂದೆದ್ದು ಸಂಜೆಗೇ ಕಾರಿನಲ್ಲಿ ಘಟ್ಟ ಹತ್ತುವ ಆತುರ ಬೇಡ. ಒಂದು ರಾತ್ರಿ ಕಡಲ ತಡಿಯಲ್ಲಿಯೇ ತಂಗಿ, ಊಟ ಮಾಡಿ, ಮಕ್ಕಳಿಗೆ ಎಮಿಲಿ ರೋಬ್ಲಿಂಗಳ ಕಥೆ ಹೇಳಿ. ಬೆಳಿಗ್ಗೆ ಹೊರಡಿ.

ನಿಯಮ ಹೇಳುವವರು ನಮ್ಮ ಸಂತೋಷಕ್ಕೆ ಅಡ್ಡಿ ಬರುವವರೆಂದು ಯೌವನದಲ್ಲಿ ಅನ್ನಿಸುವುದು ಸಹಜ. ಕಡಲಿನ ಮಟ್ಟಿಗಂತೂ ಮಾತು ಬೇರೆ. ಬ್ರೂಕ್ಲಿನ್ನಿನ ಹೆಸರಿಲ್ಲದ ಕೂಲಿಗಾರನಿಗೂ ಕಾಲಿಮ್ನೋಸಿನ ಮುಳುಗುಗಾರನಿಗೂ ಈ ನಿಯಮಗಳನ್ನು ಹೇಳುವವರು ಯಾರೂ ಇರಲಿಲ್ಲ. ನಿಮಗೆ ಹೇಳುವವರಿದ್ದಾರೆ. ಗಮನವಿಟ್ಟು ಕೇಳಿ, ಅನಂತರ ನೀರಿಗಿಳಿಯಿರಿ. ಮೀನುಗಳು ಎಲ್ಲಿಗೂ ಹೋಗುವುದಿಲ್ಲ.